ಲಗ್ನಪತ್ರಿಕೆಗೂ ಮುಂಚೆ ವೀಸಾ: ಬಸವನಗುಡಿ, ಮಲ್ಲೇಶ್ವರದ ಮದುವೆ ಮನೆಗಳ ಹಳೇ ಲೆಕ್ಕ

ನಿಮ್ಮೂರಿನ ಪುರೋಹಿತರನ್ನು ಕೇಳಿ ನೋಡಿ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಮದುವೆಗೆ ಮುಹೂರ್ತ ಇಟ್ಟುಕೊಡುವುದಿಲ್ಲ ಅಂತಾರೆ. ಅಮೆರಿಕದ ಯಾವುದೇ ಯೂನಿವರ್ಸಿಟಿಯ ಕ್ಯಾಲೆಂಡರ್ ತೆಗೆದು ನೋಡಿ. ಅಲ್ಲಿ ಓದುವ ನಮ್ಮ ಮಕ್ಕಳಿಗೆ ಚಳಿಗಾಲದ ರಜೆ ಬರುವುದೇ ಆ ದಿನಗಳಲ್ಲಿ. ಬೇಸಿಗೆ ರಜೆಗೆ ಬಂದರೆ ನಡುವೆ ಆಷಾಢ ಅಡ್ಡ ಬರುತ್ತದೆ. ಪಂಚಾಂಗಕ್ಕೂ ಕಾಲೇಜಿಗೂ ಆಗದ ಈ ಜಗಳವನ್ನು ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಮನೆಗಳು ಎರಡು ಮೂರು ತಲೆಮಾರಿನಿಂದ ನೋಡಿವೆ. ಈಗ ಅದು ತಿಪಟೂರು, ಅರಸೀಕೆರೆ, ಸಿಂಧನೂರಿನ ಮನೆಗಳಿಗೂ ಬಂದಿದೆ. ಜಮೀನು ಅಡ ಇಟ್ಟು, ಬ್ಯಾಂಕ್ ಸಾಲ ತೆಗೆದು ಮಗಳನ್ನು ಎಂ.ಎಸ್. ಓದಲು ಕಳಿಸಿದ ಅಪ್ಪಂದಿರು ಈಗ ಹಳ್ಳಿಯಲ್ಲೂ ಇದ್ದಾರೆ.

ಹೀಗೊಂದು ಜೋಡಿ ಅಂದುಕೊಳ್ಳಿ. ಇಬ್ಬರೂ ಬಸವನಗುಡಿಯ ಒಂದೇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಹುಡುಗಿ ಈಗ ಅಮೆರಿಕದಲ್ಲಿ, ಹುಡುಗ ಇಂಗ್ಲೆಂಡಿನಲ್ಲಿ. ಮನೆಯವರು ಒಪ್ಪಿದ್ದಾರೆ. ಮೊದಲು ಮದುವೆಯಾಗಿ ಆಮೇಲೆ ವೀಸಾಕ್ಕೆ ಹಾಕಬೇಕೋ, ವೀಸಾ ಸಿಕ್ಕ ಮೇಲೆ ಮದುವೆಯೋ? ಯಾವ ವೀಸಾ? ಈ ಪ್ರಶ್ನೆ ಹೊಸದಲ್ಲ. ಪ್ರತಿ ಹತ್ತು ಹದಿನೈದು ವರ್ಷಕ್ಕೊಮ್ಮೆ ಯಾವುದೋ ದೂರದ ಊರಿನಲ್ಲಿ ಒಂದು ಕಾನೂನು ಬದಲಾಗಿದೆ, ಇಲ್ಲಿ ಗಾಂಧಿ ಬಜಾರಿನ ಸುತ್ತ ಮದುವೆ ದಿನಾಂಕಗಳು ಹಿಂದೆ ಮುಂದೆ ಆಗಿವೆ. ಆ ಕಥೆಯನ್ನು ಮೊದಲಿನಿಂದ ಹೇಳಲು ನಾವು ಕೂತಿದ್ದೇವೆ.

ಈ ಬಡಾವಣೆಗಳಿಂದಲೇ ಯಾಕೆ ಇಷ್ಟು ಜನ ಹೊರಗೆ ಹೋದರು ಅನ್ನುವುದಕ್ಕೆ ದೊಡ್ಡ ಗುಟ್ಟೇನಿಲ್ಲ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರ ಪ್ಲೇಗು ಬಂದು ಹಳೇ ಪೇಟೆಯ ಇಕ್ಕಟ್ಟಿನಿಂದ ಜನ ಹೊರಬಿದ್ದಾಗ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. ಸರ್ಕಾರಿ ನೌಕರರು, ವಕೀಲರು, ಮೇಷ್ಟ್ರುಗಳು ಮನೆ ಕಟ್ಟಿದರು. ಮಲ್ಲೇಶ್ವರದ ಪಕ್ಕಕ್ಕೇ 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಬಂತು, ಅಂದರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆ. ಬಸವನಗುಡಿಯಲ್ಲಿ 1945ರಲ್ಲಿ ನ್ಯಾಷನಲ್ ಕಾಲೇಜು, 1946ರಲ್ಲಿ ಬಿ.ಎಂ.ಎಸ್. ಇಂಜಿನಿಯರಿಂಗ್ ಕಾಲೇಜು. ಓದು ಇದ್ದ ಕಡೆಯಿಂದ ಹಡಗು ಹತ್ತುವವರು ಹುಟ್ಟಿಕೊಂಡರು.

ಆಗ ಇಂಗ್ಲೆಂಡಿಗೆ ಹೋಗಲು ವೀಸಾ ಬೇಕಿರಲಿಲ್ಲ. ಟಿ.ಪಿ. ಕೈಲಾಸಂ ಭೂಗರ್ಭಶಾಸ್ತ್ರ ಓದಲು ಲಂಡನ್ನಿಗೆ ಹೋದ ಕಾಲಕ್ಕೆ ಹಡಗಿನ ಚೀಟಿ, ಮನೆಯವರ ಒಪ್ಪಿಗೆ, ಕೈಯಲ್ಲಿ ದುಡ್ಡು ಇದ್ದರೆ ಸಾಕಿತ್ತು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ಮಾತೇ ಆವತ್ತಿನ ವೀಸಾ ಆಫೀಸರು. ಪಾಸ್‌ಪೋರ್ಟ್ ಅನ್ನುವುದು ಮೊದಲ ಮಹಾಯುದ್ಧದ ಕೂಸು. 1920ರಲ್ಲಿ ಇಂಡಿಯನ್ ಪಾಸ್‌ಪೋರ್ಟ್ ಕಾಯ್ದೆ ಬಂದ ಮೇಲೆ ಅದು ಗಟ್ಟಿಯಾಯಿತು.

ಅಮೆರಿಕದ ಬಾಗಿಲು ಮಾತ್ರ ಬೇರೆ ಥರ. 1917ರ ಕಾನೂನಿನಲ್ಲಿ ಅವರು ಏಷ್ಯಾದ ಬಹುಭಾಗವನ್ನು ಗೆರೆ ಎಳೆದು ಹೊರಗಿಟ್ಟರು. ಭಾರತವೂ ಆ ಗೆರೆಯೊಳಗೆ ಬಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಸೈನಿಕನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಅಮೆರಿಕದ ಪ್ರಜೆಗಳಾಗಲು ಅರ್ಹರಲ್ಲ ಎಂದಿತು. 1924ರ ಕಾನೂನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಪ್ರಜೆಗಳಾಗಲಾರದವರು ವಲಸೆಯೇ ಬರಬಾರದು ಎಂದಿತು. ಆದರೆ ಅದರಲ್ಲಿ ಒಂದು ಸಣ್ಣ ಕಿಂಡಿ ಇತ್ತು. 15 ವರ್ಷ ತುಂಬಿದ, ಓದುವುದಕ್ಕೆಂದೇ ಬರುವ ವಿದ್ಯಾರ್ಥಿ ಬರಬಹುದು. ಆ ಕಿಂಡಿಯಲ್ಲಿ ಒಬ್ಬರೇ ನುಗ್ಗಬಹುದಿತ್ತು. ಪಾದ್ರಿಗಳು, ಪ್ರೊಫೆಸರುಗಳು ಹೆಂಡತಿ ಮಕ್ಕಳನ್ನು ಕರೆತರಬಹುದು ಎಂದು ಅದೇ ಕಾನೂನು ಬರೆದಿದೆ. ವಿದ್ಯಾರ್ಥಿಗೆ ಆ ಸಾಲು ಇಲ್ಲ. ಹಾಗಾಗಿ ಮದುವೆಯಾದ ಹುಡುಗ ಓದಲು ಹೋದರೆ ಹೆಂಡತಿ ತವರಿನಲ್ಲೋ ಅತ್ತೆ ಮನೆಯಲ್ಲೋ ವರ್ಷಗಟ್ಟಲೆ ಕಾಯಬೇಕು. ನಮ್ಮ ಅಜ್ಜಿಯರ ಕಾಲದ ಎಷ್ಟೋ ಮನೆಗಳಲ್ಲಿ ಇದನ್ನು ವಿಧಿ ಅಂತ ಕರೆದರು. ಅದರ ಹಿಂದೆ ಒಂದು ಕಾನೂನಿನ ಸೆಕ್ಷನ್ನೂ ಇತ್ತು.

ಅದೇ 1924ರ ಕಾನೂನಿನಲ್ಲಿ ಇನ್ನೊಂದು ವಿಷಯ ಇದೆ, ಮುಂದೆ ನಮಗೆ ಬೇಕಾಗುತ್ತದೆ. ಆಗ ಜಪಾನಿನಿಂದ ಫೋಟೊ ನೋಡಿ ಮದುವೆಯಾದ ಹೆಣ್ಣುಮಕ್ಕಳು ಹಡಗಿನಲ್ಲಿ ಬಂದು ಇಳಿಯುತ್ತಿದ್ದರು. ಗಂಡು ಒಂದು ದೇಶದಲ್ಲಿ, ಹೆಣ್ಣು ಇನ್ನೊಂದು ದೇಶದಲ್ಲಿ ಇದ್ದು ಆದ ಮದುವೆಯನ್ನು ಮದುವೆ ಎಂದು ಒಪ್ಪುವುದಿಲ್ಲ ಎಂದು ಆ ಕಾನೂನು ಬರೆಯಿತು. 1952ರಲ್ಲಿ ಅದನ್ನು ಸ್ವಲ್ಪ ಸಡಿಲಿಸಿ, ಮದುವೆಯ ನಂತರ ದಂಪತಿ ನಿಜವಾಗಿ ಕೂಡಿ ಬಾಳಿದ್ದರೆ ಸರಿ ಎಂದರು. ಕೊರೊನಾ ಕಾಲದಲ್ಲಿ ವೀಡಿಯೊ ಕಾಲ್‌ನಲ್ಲಿ ತಾಳಿ ಕಟ್ಟಿಸಿಕೊಂಡವರ ಸುದ್ದಿ ನೀವೂ ಓದಿರುತ್ತೀರಿ. ಅಂಥ ಮದುವೆಗೆ ಇವತ್ತಿಗೂ ಅಡ್ಡ ಬರುವುದು ನೂರು ವರ್ಷದ ಹಿಂದಿನ ಆ ಫೋಟೊ ಮದುವೆಯ ಸಿಟ್ಟು.

ಆ ಕಾಲದಲ್ಲಿ ಓದು, ಮದುವೆ ಎರಡನ್ನೂ ಹೊಂದಿಸಲು ಇದ್ದ ದಾರಿ ಒಂದೇ. ಒಬ್ಬರೇ ಹೋಗಿ, ಓದಿ, ವಾಪಸ್ ಬಂದು ಮದುವೆಯಾಗುವುದು. ಈ ದಾರಿ ಹಿಡಿದವರಲ್ಲಿ ನಮಗೆ ಬಹಳ ಇಷ್ಟವಾಗುವವರು ರಾಜೇಶ್ವರಿ ಚಟರ್ಜಿ. 1922ರಲ್ಲಿ ಮೈಸೂರು ಸೀಮೆಯಲ್ಲಿ ಹುಟ್ಟಿದ ಈ ಹೆಣ್ಣುಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಎಂ.ಎಸ್ಸಿ. ಮಾಡಿ, ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಿದರು. ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿತು. 1947ರಲ್ಲಿ ಹಡಗು ಹತ್ತಿ ಮಿಷಿಗನ್ ಯೂನಿವರ್ಸಿಟಿಗೆ ಹೋದರು. ಅದಕ್ಕೆ ಒಂದು ವರ್ಷ ಮುಂಚೆಯಷ್ಟೇ, 1946ರಲ್ಲಿ, ಅಮೆರಿಕ ಭಾರತೀಯರಿಗೆ ವರ್ಷಕ್ಕೆ 100 ಜನರ ವಲಸೆ ಕೋಟಾ ಕೊಟ್ಟಿತ್ತು. ಇಡೀ ದೇಶಕ್ಕೆ 100! ನಮ್ಮ ಒಂದು ಹಳ್ಳಿಯ ಒಂದು ಓಣಿಯಲ್ಲಿ ಅಷ್ಟು ಜನ ಇರುತ್ತಾರೆ. ರಾಜೇಶ್ವರಿಯವರು ಹೋದದ್ದು ಓದಲು, ಒಂಟಿಯಾಗಿ. 1953ರಲ್ಲಿ ಪಿಎಚ್.ಡಿ. ಮುಗಿಸಿ ಬೆಂಗಳೂರಿಗೆ ಮರಳಿದರು, ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಲು ಸೇರಿದರು, ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಕನ್ನಡದ ಹುಡುಗಿ, ಬಂಗಾಳದ ಹುಡುಗ, ಇಬ್ಬರೂ ಮೈಕ್ರೋವೇವ್ ಪಾಠ ಹೇಳುವವರು. ಅವರ ಮಗಳು ಇಂದಿರಾ ಅಮೆರಿಕದ ನೆವಾಡ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆದರು. ಅಮ್ಮ ವಾಪಸ್ ಬಂದ ದಾರಿಯಲ್ಲಿ ಮಗಳು ಹೋದರು.

ಅಮೆರಿಕದ 1952ರ ಕಾನೂನು ವಿದ್ಯಾರ್ಥಿ ವೀಸಾಕ್ಕೆ ಎಫ್ ಎಂಬ ಅಕ್ಷರ ಕೊಟ್ಟಿತು. ಆಗಲೂ ಹೆಂಡತಿಗೋ ಗಂಡನಿಗೋ ಪ್ರತ್ಯೇಕ ಜಾಗ ಇರಲಿಲ್ಲ. 1961ರಲ್ಲಿ, ಫುಲ್‌ಬ್ರೈಟ್ ಸ್ಕಾಲರ್‌ಶಿಪ್‌ಗಳ ಕಾನೂನನ್ನು ಹೊಸದಾಗಿ ಬರೆಯುವಾಗ, ವಿದ್ಯಾರ್ಥಿಯ ಸಂಗಾತಿ ಮತ್ತು ಚಿಕ್ಕ ಮಕ್ಕಳು ಎಂದು ಒಂದು ಸಾಲು ಸೇರಿಸಿದರು. ಅದೇ ಎಫ್-2. ಈ ಸಾಲು ಬಂದಾಗ ಪೇಪರಿನಲ್ಲಿ ದೊಡ್ಡ ಸುದ್ದಿಯೇನೂ ಆಗಿರಲಿಕ್ಕಿಲ್ಲ. ಆದರೆ ನಮ್ಮ ಮದುವೆಗಳ ಲೆಕ್ಕದಲ್ಲಿ 1965ರ ಪ್ರಸಿದ್ಧ ಕಾನೂನಿನಷ್ಟೇ ತೂಕ ಇದಕ್ಕೂ ಇದೆ ಅನ್ನುವುದು ನಮ್ಮ ಅಭಿಪ್ರಾಯ. 1965ರ ಕಾನೂನು ದೇಶವಾರು ಕೋಟಾ ಕಿತ್ತುಹಾಕಿ, ಡಾಕ್ಟರು ಇಂಜಿನಿಯರುಗಳಿಗೆ ಹಸಿರು ಕಾರ್ಡಿನ ಬಾಗಿಲು ತೆರೆಯಿತು. 1961ರ ಸಾಲು, ಬಾಗಿಲ ಒಳಗೆ ಹೋದ ಹುಡುಗನ ಹಿಂದೆ ಹುಡುಗಿ ಬರುವ ದಾರಿ ಮಾಡಿತು. ಗಮನಿಸಿ, ಬರಬಹುದು, ಕೆಲಸ ಮಾಡುವಂತಿಲ್ಲ. ಇವತ್ತಿಗೂ ಎಫ್-2ರಲ್ಲಿರುವವರು ಒಂದು ಡಾಲರ್ ಸಂಬಳ ತೆಗೆದುಕೊಳ್ಳುವಂತಿಲ್ಲ.

ಅರವತ್ತರ ದಶಕದಲ್ಲಿ ಇಲ್ಲಿಂದ ಹೊರಡುವುದೂ ಸುಲಭ ಇರಲಿಲ್ಲ. ಕೈಯಲ್ಲಿ ಎಂಟು ಡಾಲರ್ ಇಟ್ಟುಕೊಂಡು ವಿಮಾನ ಹತ್ತಿದೆವು ಎಂದು ಹೇಳುವ ಹಿರಿಯರು ಈ ಬಡಾವಣೆಗಳಲ್ಲಿ ಇನ್ನೂ ಇದ್ದಾರೆ. ವಿದೇಶಿ ವಿನಿಮಯದ ಬಿಗಿ ಹಾಗಿತ್ತು. ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿ. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ದೇಶ ಬಿಟ್ಟು ಹೋಗಿ ಬರುವುದು ವ್ಯಕ್ತಿ ಸ್ವಾತಂತ್ರ್ಯದ ಭಾಗ, ಕಾನೂನಿಲ್ಲದೆ ಪಾಸ್‌ಪೋರ್ಟ್ ತಡೆಯುವಂತಿಲ್ಲ ಎಂದಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಆಮೇಲೆ ಶುರುವಾಯಿತು ನೋಡಿ ಮೂರು ವಾರದ ಮದುವೆ. ಹುಡುಗ ರಜೆಗೆ ಬರುವುದು, ಮೊದಲ ವಾರ ಹೆಣ್ಣು ನೋಡುವುದು, ಎರಡನೇ ವಾರ ಛತ್ರ, ಮೂರನೇ ವಾರ ವೀಸಾ ಇಂಟರ್‌ವ್ಯೂಗೆ ಮದ್ರಾಸಿಗೆ ರಾತ್ರಿ ರೈಲು. ಬೆಂಗಳೂರಿನವರಿಗೆ ಅಮೆರಿಕದ ವೀಸಾ ಅಂದರೆ ಮದ್ರಾಸು. ಬೆಂಗಳೂರಿನಲ್ಲಿ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆ ಆದದ್ದು 2025ರ ಜನವರಿಯಲ್ಲಿ, ಅದೂ ವೀಸಾ ಕೊಡುವ ಕೆಲಸ ಅವತ್ತೇ ಶುರುವಾಗಲಿಲ್ಲ.

ಈಗ ನಾವು ಎಲ್ಲರೂ ಕೇಳುವ ಫಿಯಾನ್ಸೆ ವೀಸಾಕ್ಕೆ ಬರೋಣ. ನಿಶ್ಚಿತಾರ್ಥ ಆಗಿದೆ, ಮದುವೆ ಆಗಿಲ್ಲ, ಕರೆಸಿಕೊಳ್ಳಬಹುದಾ ಅಂತ. ಅಮೆರಿಕದಲ್ಲಿ ಇದಕ್ಕೆ ಕೆ-1 ಅಂತ ಹೆಸರು. ಹುಟ್ಟಿದ್ದು 1970ರಲ್ಲಿ, ವಿಯೆಟ್ನಾಂ ಯುದ್ಧದ ನಡುವೆ. ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರು ಅಲ್ಲಿನ ಹೆಣ್ಣುಮಕ್ಕಳನ್ನು ಪ್ರೀತಿಸಿದರು, ಕರೆದುಕೊಂಡು ಬರಲು ದಾರಿ ಬೇಕಾಯಿತು. ಎರಡನೇ ಮಹಾಯುದ್ಧದ ನಂತರ 1946ರಲ್ಲೂ ಇಂಥದ್ದೇ ಒಂದು ತಾತ್ಕಾಲಿಕ ಕಾನೂನು ಇತ್ತು. ಅಂದರೆ ಇದು ಸೈನಿಕರಿಗಾಗಿ, ಪ್ರಜೆಗಳಿಗಾಗಿ ಮಾಡಿದ ಬಾಗಿಲು. ಇವತ್ತಿಗೂ ಅಮೆರಿಕದ ಪ್ರಜೆ ಮಾತ್ರ ಕೆ-1 ಅರ್ಜಿ ಹಾಕಬಹುದು. ಹಸಿರು ಕಾರ್ಡಿನವರಿಗೆ ಇಲ್ಲ, ಎಚ್-1ಬಿ ಯವರಿಗೆ ಇಲ್ಲ, ವಿದ್ಯಾರ್ಥಿಗೆ ಮೊದಲೇ ಇಲ್ಲ. ಬಂದ 90 ದಿನದೊಳಗೆ ಮದುವೆ ಆಗಲೇಬೇಕು. 1986ರಿಂದ ಇನ್ನೊಂದು ಷರತ್ತು, ಅರ್ಜಿಗೆ ಮುಂಚಿನ ಎರಡು ವರ್ಷದಲ್ಲಿ ಜೋಡಿ ಒಮ್ಮೆಯಾದರೂ ಮುಖಾಮುಖಿ ಭೇಟಿ ಆಗಿರಬೇಕು. ತಮಾಷೆ ಏನಂದರೆ, ಮದುವೆಗೆ ಮುಂಚೆ ಹುಡುಗ ಹುಡುಗಿ ಭೇಟಿಯಾಗಬಾರದು ಎಂಬ ಕಟ್ಟುನಿಟ್ಟಿನ ಸಂಪ್ರದಾಯ ಇದ್ದರೆ ಆ ಷರತ್ತಿಗೆ ವಿನಾಯಿತಿ ಕೇಳಬಹುದು. ನಮ್ಮ ಅಜ್ಜಂದಿರ ಪದ್ಧತಿಗೆ ಅಮೆರಿಕದ ರೂಲು ಪುಸ್ತಕದಲ್ಲಿ ಒಂದು ಮೂಲೆ ಸಿಕ್ಕಿದೆ.

ಇಬ್ಬರು ವಿದ್ಯಾರ್ಥಿಗಳಿಗೆ ಫಿಯಾನ್ಸೆ ವೀಸಾ ಮಾಡಿಸಿಕೊಡುತ್ತೇವೆ ಎಂದು ಯಾವ ಏಜೆಂಟ್ ಹೇಳಿದರೂ ಅಲ್ಲಿಂದ ಎದ್ದು ಬನ್ನಿ.

ಇಂಗ್ಲೆಂಡಿನ ಫಿಯಾನ್ಸೆ ಕಥೆ ಓದಿದರೆ ಹೊಟ್ಟೆ ಉರಿಯುತ್ತದೆ. 1962ರವರೆಗೆ ನಮ್ಮವರು ಅಲ್ಲಿಗೆ ಸರಾಗ ಹೋಗುತ್ತಿದ್ದರು, ಆ ವರ್ಷದ ಕಾಮನ್‌ವೆಲ್ತ್ ವಲಸೆ ಕಾಯ್ದೆಯಿಂದ ಬಿಗಿ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಹೆಂಡತಿಯಾಗಿ ಹೋಗಬೇಕಾದರೆ ಇಲ್ಲಿಂದಲೇ ಪ್ರವೇಶ ಪತ್ರ ಮಾಡಿಸಬೇಕು, ತಿಂಗಳುಗಟ್ಟಲೆ ಸಾಲು. ಮದುವೆಯಾಗಲಿರುವ ಹುಡುಗಿಯಾಗಿ ಹೋದರೆ, ಮೂರು ತಿಂಗಳೊಳಗೆ ಮದುವೆಯಾಗುತ್ತೇನೆ ಎಂದರೆ, ಮುಂಚೆಯೇ ವೀಸಾ ಬೇಡ. ಸಹಜವಾಗಿ ಮನೆಗಳು ಎರಡನೇ ದಾರಿ ನೋಡಿದವು. 1979ರ ಜನವರಿಯಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರು ಹೀಗೆ ಬಂದಿಳಿದರು. ಅಧಿಕಾರಿಗಳಿಗೆ ಅನುಮಾನ, ಈಕೆಗೆ ಆಗಲೇ ಮದುವೆಯಾಗಿದೆಯೋ ಏನೋ ಎಂದು. ಕನ್ಯತ್ವ ಪರೀಕ್ಷೆ ಮಾಡಿಸಿದರು. ಗಾರ್ಡಿಯನ್ ಪತ್ರಿಕೆ ಫೆಬ್ರವರಿ 1ರಂದು ಈ ಸುದ್ದಿ ಬರೆದ ಮೇಲೆ ಎರಡೂ ದೇಶಗಳಲ್ಲಿ ಗದ್ದಲ ಎದ್ದು, ಆ ಪದ್ಧತಿ ನಿಂತಿತು. ಆದರೆ ಅನುಮಾನ ಬೇರೆ ರೂಪದಲ್ಲಿ ಮುಂದುವರಿಯಿತು. 1980ರಿಂದ 1997ರವರೆಗೆ ಅಲ್ಲಿ ಒಂದು ನಿಯಮ ಇತ್ತು. ಮದುವೆಯ ಮುಖ್ಯ ಉದ್ದೇಶ ಇಂಗ್ಲೆಂಡಿಗೆ ಬರುವುದಲ್ಲ ಎಂದು ಜೋಡಿಯೇ ಸಾಬೀತು ಮಾಡಬೇಕು. ನಿಜವಾದ ಮದುವೆಯಾದರೂ ಸಾಲದು, ಉದ್ದೇಶ ಬೇರೆ ಎಂದು ಅಧಿಕಾರಿಗೆ ಅನ್ನಿಸಿದರೆ ವೀಸಾ ಇಲ್ಲ. ವಧು ವರರನ್ನು ಮನೆಯವರೇ ಹುಡುಕುವ ನಮ್ಮಂಥ ಕಡೆ ಆ ಪ್ರಶ್ನೆಗೆ ಉತ್ತರ ಕೊಡುವುದು ಎಷ್ಟು ಕಷ್ಟ ಯೋಚಿಸಿ.

ಅಮೆರಿಕದ 1990ರ ವಲಸೆ ಕಾನೂನು ಎಚ್-1ಬಿ ತಂದಿತು. ವರ್ಷಕ್ಕೆ 65,000. ಇದರಲ್ಲಿ ಒಂದು ಸೂಕ್ಷ್ಮ ಇದೆ. ವಿದ್ಯಾರ್ಥಿ ವೀಸಾ ಕೇಳುವವರು ಓದು ಮುಗಿಸಿ ವಾಪಸ್ ಬರುತ್ತೇನೆ ಎಂದು ಅಧಿಕಾರಿಯನ್ನು ನಂಬಿಸಬೇಕು. ಎಚ್-1ಬಿ ಯವರು ಕೆಲಸವನ್ನೂ ಮಾಡಬಹುದು, ಅಲ್ಲೇ ನೆಲೆಸುವ ಆಸೆಯನ್ನೂ ಇಟ್ಟುಕೊಳ್ಳಬಹುದು. ಆದ್ದರಿಂದ ಹಸಿರು ಕಾರ್ಡಿನ ಗಂಡನ ಕಡೆಯಿಂದ ಸಂಗಾತಿ ಅರ್ಜಿ ಬಿದ್ದ ಹುಡುಗಿ ಆಮೇಲೆ ವಿದ್ಯಾರ್ಥಿ ವೀಸಾ ಕೇಳಲು ಹೋದರೆ, ನೀನು ವಾಪಸ್ ಬರುವವಳಲ್ಲ ಎಂಬ ಉತ್ತರ ಸಿಗುವ ಸಂಭವ ಹೆಚ್ಚು. ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ.

ತೊಂಬತ್ತರ ದಶಕದ ಕೊನೆಗೆ ವೈ2ಕೆ ಗಡಿಬಿಡಿ, ಸಾಫ್ಟ್‌ವೇರ್ ಸುಗ್ಗಿ. ಕೋಟಾ 1,15,000ಕ್ಕೆ, ಆಮೇಲೆ 1,95,000ಕ್ಕೆ ಏರಿ, 2004ರ ಸಾಲಿಗೆ ಮತ್ತೆ 65,000ಕ್ಕೆ ಇಳಿಯಿತು. ಅಮೆರಿಕದಲ್ಲೇ ಮಾಸ್ಟರ್ಸ್ ಓದಿದವರಿಗೆ ಬೇರೆಯಾಗಿ 20,000 ಸೇರಿಸಿದರು. ಈ ಸುಗ್ಗಿಯ ಕಾಲದಲ್ಲಿ ಮದುವೆ ಮಾರುಕಟ್ಟೆಯಲ್ಲಿ ಒಂದು ವಿಚಿತ್ರ ನಡೆಯಿತು. ಹಸಿರು ಕಾರ್ಡಿನ ಹುಡುಗ ಅಂದರೆ ಎಲ್ಲರಿಗೂ ಮೇಲು ಅನ್ನಿಸುತ್ತಿತ್ತು. ಲೆಕ್ಕ ತಿರುಗುಮುರುಗು. ಎಚ್-1ಬಿ ಹುಡುಗ ಮದುವೆಯಾದ ಕೆಲವೇ ವಾರದಲ್ಲಿ ಎಚ್-4 ಮೇಲೆ ಹೆಂಡತಿಯನ್ನು ಕರೆದೊಯ್ಯುತ್ತಿದ್ದ. ಹಸಿರು ಕಾರ್ಡ್ ಬಂದ ಮೇಲೆ ಮದುವೆಯಾದ ಹುಡುಗನ ಹೆಂಡತಿಗೆ ಬೇರೆ ಕೋಟಾ, ಬೇರೆ ಸಾಲು. ಆ ಸಾಲು ಆಗ ವರ್ಷಗಳಷ್ಟು ಉದ್ದ ಇತ್ತು. ಎಷ್ಟು ಉದ್ದ ಅಂದರೆ 2000ದಲ್ಲಿ ಅಮೆರಿಕದ ಸಂಸತ್ತೇ, ಮೂರು ವರ್ಷಕ್ಕಿಂತ ಹೆಚ್ಚು ಕಾದ ಸಂಗಾತಿಗಳಿಗೆಂದು ವಿ ಎಂಬ ಹೊಸ ವೀಸಾ ಮಾಡಿತು. ಅದೂ ಆ ವರ್ಷದ ಡಿಸೆಂಬರ್ 21ರೊಳಗೆ ಅರ್ಜಿ ಹಾಕಿದವರಿಗೆ ಮಾತ್ರ.

ಇಲ್ಲಿಂದ ಒಂದು ದಿನಾಂಕದ ಆಟ ಶುರುವಾಯಿತು. ಹುಡುಗನಿಗೆ ಹಸಿರು ಕಾರ್ಡ್ ಮಂಜೂರಾಗುವ ಹಿಂದಿನ ದಿನ ಮದುವೆಯಾಗಿದ್ದರೆ, ಹೆಂಡತಿ ಅವನ ಜೊತೆಯವಳೆಂದು ಅದೇ ಅರ್ಜಿಯ ಬಾಲ ಹಿಡಿದು ಹೋಗಬಹುದು. ಮಾರನೇ ದಿನ ಮದುವೆಯಾದರೆ ಹೊಸ ಅರ್ಜಿ, ಹೊಸ ಸಾಲು. ಒಂದು ದಿನದ ವ್ಯತ್ಯಾಸಕ್ಕೆ ನಾಲ್ಕೈದು ವರ್ಷ. ಇದು ಗೊತ್ತಿದ್ದ ಮನೆಗಳು ಏನು ಮಾಡಿದವು? ನಿಶ್ಚಿತಾರ್ಥದ ವಾರದಲ್ಲೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ರಿಜಿಸ್ಟರ್ ಮಾಡಿಸಿಕೊಂಡವು. ಛತ್ರದ ಮದುವೆ ಆರು ತಿಂಗಳ ನಂತರ, ಹುಡುಗನಿಗೆ ರಜೆ ಸಿಕ್ಕಾಗ, ಪುರೋಹಿತರು ಒಪ್ಪಿದ ಮುಹೂರ್ತಕ್ಕೆ. ಕಾಗದಕ್ಕೊಂದು ಮದುವೆ, ಬಂಧು ಬಳಗಕ್ಕೊಂದು ಮದುವೆ. ನಡುವಿನ ಆರು ತಿಂಗಳು ಹುಡುಗಿ ಮನೆಯವರ ಲೆಕ್ಕದಲ್ಲಿ ಇನ್ನೂ ಕನ್ಯೆ, ವೀಸಾ ಆಫೀಸಿನ ಲೆಕ್ಕದಲ್ಲಿ ಹೆಂಡತಿ. ಆ ನಡುವೆ ಸಂಬಂಧ ಮುರಿದರೆ? ಛತ್ರಕ್ಕೆ ಹೋಗದ ಹುಡುಗಿ ಡೈವೋರ್ಸಿಗೆ ಕೋರ್ಟಿಗೆ ಹೋಗಬೇಕು. ನಮ್ಮ ಹಳ್ಳಿಗಳಲ್ಲಿ ಆ ಹಣೆಪಟ್ಟಿಯ ಭಾರ ಯಾರ ಮೇಲೆ ಬೀಳುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

2024ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟ್ ಈ ಪದ್ಧತಿಯ ಬುಡಕ್ಕೇ ಕೈ ಹಾಕಿತು. ಡಾಲಿ ರಾಣಿ ಮತ್ತು ಮನೀಶ್ ಕುಮಾರ್ ಚಂಚಲ್ ಮೊಕದ್ದಮೆ. ಇಬ್ಬರೂ ತರಬೇತಿ ಪಡೆದ ವಿಮಾನ ಪೈಲಟ್‌ಗಳು. ಸಂಪ್ರದಾಯದ ಮದುವೆ ಆಗುವ ಮುಂಚೆಯೇ ಒಂದು ಸಂಸ್ಥೆಯಿಂದ ಮದುವೆ ಪತ್ರ ತೆಗೆದುಕೊಂಡು ಅದರ ಮೇಲೆ ನೋಂದಣಿ ಮಾಡಿಸಿದ್ದರು. ನ್ಯಾಯಮೂರ್ತಿಗಳು ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್. ನಾಗರತ್ನ ಅವರು ನಮ್ಮವರೇ, ಕರ್ನಾಟಕ ಹೈಕೋರ್ಟಿನಲ್ಲಿ ವಕೀಲಿಕೆ ಮಾಡಿ, ಅಲ್ಲೇ ನ್ಯಾಯಮೂರ್ತಿಯಾಗಿದ್ದವರು. ತೀರ್ಪಿನ ಸಾರ ಇಷ್ಟು. ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಆಗುವುದು ಶಾಸ್ತ್ರದಿಂದ, ಅಂದರೆ ಸಪ್ತಪದಿ ಮುಂತಾದ, ಆ ಮನೆತನದ ಪದ್ಧತಿಯ ವಿಧಿಗಳಿಂದ. ನೋಂದಣಿ ಆ ಮದುವೆಗೆ ಸಾಕ್ಷಿ ಅಷ್ಟೇ. ಶಾಸ್ತ್ರವೇ ಆಗದಿದ್ದರೆ ಸರ್ಟಿಫಿಕೇಟ್ ಇದ್ದರೂ ಮದುವೆ ಇಲ್ಲ. ವೀಸಾಕ್ಕೆ ಬೇಗ ಆಗಲಿ ಎಂದು ತಂದೆ ತಾಯಿ ಮೊದಲೇ ನೋಂದಣಿ ಮಾಡಿಸುವ ರೂಢಿಯನ್ನು ತೀರ್ಪು ಹೆಸರಿಟ್ಟೇ ಖಂಡಿಸಿದೆ. ಮಲ್ಲೇಶ್ವರ, ಬಸವನಗುಡಿಯ ಎಷ್ಟೋ ಮನೆಗಳ ಬೀರುವಿನಲ್ಲಿ ಇಂಥ ಸರ್ಟಿಫಿಕೇಟುಗಳು ಇರಬೇಕು.

ಹೊರದೇಶದ ವೀಸಾ ಆಫೀಸು ಸಾಮಾನ್ಯವಾಗಿ ನೋಡುವುದು ಒಂದೇ, ಮದುವೆಯಾದ ಜಾಗದ ಕಾನೂನಿನ ಪ್ರಕಾರ ಅದು ಸರಿಯಾದ ಮದುವೆಯೇ? ಇಲ್ಲಿನ ಕೋರ್ಟು ಅಲ್ಲ ಎಂದರೆ ಅಲ್ಲಿನ ವೀಸಾದ ಬುಡವೂ ಅಲ್ಲಾಡುತ್ತದೆ.

ಹಾಗಾದರೆ ರಿಜಿಸ್ಟರ್ ಮದುವೆಯೇ ಮದುವೆ ಅನ್ನುವ ಕಾನೂನು ಇಲ್ಲವೇ? ಇದೆ. ಅದು 1954ರ ವಿಶೇಷ ವಿವಾಹ ಕಾಯ್ದೆ. ಬೇರು ಇನ್ನೂ ಹಿಂದಿನದು, 1872ರಲ್ಲಿ ಬ್ರಾಹ್ಮ ಸಮಾಜದವರ ಒತ್ತಾಯದಿಂದ ಬಂದ ಕಾಯ್ದೆ. ಆಗ ನೋಟಿಸ್ ಅವಧಿ 14 ದಿನ. 1954ರಲ್ಲಿ ಅದು 30 ದಿನವಾಯಿತು. ನೋಟಿಸ್ ಕೊಡುವ ಮುಂಚೆ ಜೋಡಿಯಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು. ನೋಟಿಸ್ ಗೋಡೆಗೆ ಅಂಟಿಸುತ್ತಾರೆ, ಯಾರು ಬೇಕಾದರೂ ತಕರಾರು ಹಾಕಬಹುದು. 30 ದಿನ ಕಳೆದ ಮೇಲೆ, ಮೂರು ತಿಂಗಳೊಳಗೆ, ಮೂವರು ಸಾಕ್ಷಿಗಳ ಮುಂದೆ ಮದುವೆ. ಧರ್ಮ ಬೇರೆಯಾದ ಜೋಡಿಗೆ ಇದೇ ದಾರಿ, ಆ ಗೋಡೆಯ ನೋಟಿಸ್ ಎಂಥ ಅಪಾಯ ಅನ್ನುವುದೂ ನಿಮಗೆ ಗೊತ್ತು. ಈಗ ನಮ್ಮ ಜೋಡಿಯ ಲೆಕ್ಕ ಹಾಕಿ. ಇಬ್ಬರೂ ವಿದೇಶದಲ್ಲಿ, ಸಿಗುವ ರಜೆ ಮೂರು ನಾಲ್ಕು ವಾರ. 30 ದಿನ ವಾಸ, 30 ದಿನ ನೋಟಿಸ್. ಹೊಂದುವುದೇ ಇಲ್ಲ. ಅದಕ್ಕೇ ಜನ ಹಿಂದೂ ವಿವಾಹ ಕಾಯ್ದೆಯ ನೋಂದಣಿಯನ್ನು ಅಡ್ಡದಾರಿಯಾಗಿ ಬಳಸಿದ್ದು.

ಅಂಥವರಿಗೆ ಕಾನೂನಿಗೆ ಒಪ್ಪುವ ದಾರಿ ಅಜ್ಜಂದಿರದೇ. ಮನೆಯಲ್ಲೋ ಊರ ದೇವಸ್ಥಾನದಲ್ಲೋ ಇಪ್ಪತ್ತು ಜನರ ಮುಂದೆ ನಿಜವಾಗಿ ಶಾಸ್ತ್ರ ಮಾಡಿ ಮದುವೆಯಾಗುವುದು, ಫೋಟೊ, ಲಗ್ನಪತ್ರಿಕೆ, ಸಾಕ್ಷಿ ಇಟ್ಟುಕೊಂಡು ನೋಂದಣಿ ಮಾಡಿಸುವುದು, ದೊಡ್ಡ ಊಟ ಯಾವಾಗ ಬೇಕಾದರೂ ಹಾಕುವುದು. ನೋಂದಣಿ ಈಗ ಮೊದಲಿಗಿಂತ ಸಲೀಸು. ಎಲ್ಲ ಧರ್ಮದ ಮದುವೆಗಳೂ ನೋಂದಣಿ ಆಗಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಕರ್ನಾಟಕದಲ್ಲಿ ಹಿಂದೂ ಮದುವೆಗಳ ಆನ್‌ಲೈನ್ ನೋಂದಣಿ 2024ರ ಫೆಬ್ರವರಿಯಲ್ಲಿ ಪ್ರಯೋಗಕ್ಕೆ ಶುರುವಾಗಿದ್ದು ಮಲ್ಲೇಶ್ವರದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ. ಒಂದು ಎಚ್ಚರಿಕೆ. ದೇವಸ್ಥಾನದಲ್ಲಿ ತಾಳಿ ಕಟ್ಟಿದ ದಿನವೇ ಮದುವೆ ದಿನ. ಆಮೇಲೆ ಛತ್ರದ ಮದುವೆ ಇನ್ನೂ ಆಗಿಲ್ಲವಲ್ಲ ಎಂದು ವೀಸಾ ಫಾರಂನಲ್ಲಿ ಅವಿವಾಹಿತ ಎಂದು ತುಂಬಿದರೆ ಅದು ಸುಳ್ಳು ಹೇಳಿಕೆ. ಅಮೆರಿಕದ ಕಾನೂನಿನಲ್ಲಿ ವೀಸಾಕ್ಕಾಗಿ ಸುಳ್ಳು ಹೇಳಿದ್ದು ಸಾಬೀತಾದರೆ ಜೀವಮಾನವಿಡೀ ಬಾಗಿಲು ಮುಚ್ಚಬಹುದು.

ಇನ್ನು ಎಚ್-4ರ ಕಥೆ. ಸುಗ್ಗಿ ಕಾಲದಲ್ಲಿ ಹೋದ ಹೆಣ್ಣುಮಕ್ಕಳಲ್ಲಿ ಇಂಜಿನಿಯರುಗಳಿದ್ದರು, ಡಾಕ್ಟರುಗಳಿದ್ದರು. ಎಲ್ಲರೂ ಕೆಲಸ ಮಾಡುವ ಹಕ್ಕಿಲ್ಲದೆ ಮನೆಯಲ್ಲಿ ಕೂತರು. ಸುಧಾ ಮೂರ್ತಿಯವರ 'ಡಾಲರ್ ಸೊಸೆ' ಕಾದಂಬರಿಯ ಹೆಸರು ಮನೆಮಾತಾಗಿ, ಅಮೆರಿಕಕ್ಕೆ ಹೋದ ಸೊಸೆಯೆಂದರೆ ಐಶ್ವರ್ಯ ಅನ್ನುವ ಚಿತ್ರ ನಮ್ಮ ತಲೆಯಲ್ಲಿ ಕೂತಿದೆ. ಆದರೆ ಆ ಸೊಸೆಯಂದಿರಲ್ಲಿ ಬಹಳ ಜನರ ಹೆಸರಿನಲ್ಲಿ ಒಂದು ಡಾಲರ್ ಸಂಪಾದನೆಯೂ ಇರಲಿಲ್ಲ. ವೀಸಾ ಗಂಡನ ವೀಸಾಕ್ಕೆ ಕಟ್ಟಿದ ಬಾಲ. ಗಂಡ ಕೆಲಸ ಕಳೆದುಕೊಂಡರೆ, ಬಿಟ್ಟುಹೋದರೆ, ಹೊಡೆದರೆ, ಅವಳ ಕಾಲ ಕೆಳಗಿನ ನೆಲವೂ ಹೋಗುತ್ತದೆ. 2015ರ ಮೇ ತಿಂಗಳಿಂದ, ಗಂಡನ ಹಸಿರು ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ, ಎಚ್-4 ಸಂಗಾತಿಗೆ ಕೆಲಸದ ಪರವಾನಗಿ ಸಿಗುವಂತಾಯಿತು. ಉಳಿದವರಿಗೆ ಇಲ್ಲ.

ಹೀಗಿರುವಾಗ ಇವತ್ತಿನ ಜೋಡಿಗೆ ಬರೋಣ. ಹುಡುಗಿ ಅಮೆರಿಕದಲ್ಲಿ ಎಫ್-1. ಹುಡುಗ ಮದುವೆಯಾಗಿ ಎಫ್-2ರಲ್ಲಿ ಅಲ್ಲಿಗೆ ಹೋಗಬಹುದು. ಹೋದರೆ ದುಡಿಯುವಂತಿಲ್ಲ, ಪೂರ್ತಿ ಕೋರ್ಸ್ ಓದುವಂತಿಲ್ಲ. ಅವನ ಹೆಸರಿನಲ್ಲಿ ಎಜುಕೇಶನ್ ಲೋನ್ ಇದ್ದರೆ ಕಂತು ಕಟ್ಟುವವರು ಯಾರು? ಊರಿನ ಅಪ್ಪ. ಹುಡುಗಿ ಇಂಗ್ಲೆಂಡಿಗೆ ಅವನ ಸಂಗಾತಿಯಾಗಿ ಹೋಗೋಣ ಅಂದರೆ, 2024ರ ಜನವರಿ 1ರಿಂದ ಅಲ್ಲಿ ಮಾಮೂಲಿ ಮಾಸ್ಟರ್ಸ್ ಓದುವವರು ಸಂಗಾತಿಯನ್ನು ಕರೆತರುವಂತಿಲ್ಲ, ಪಿಎಚ್.ಡಿ.ಯಂಥ ಸಂಶೋಧನೆ ಮಾಡುವವರು ಮತ್ತು ಸರ್ಕಾರದ ಸ್ಕಾಲರ್‌ಶಿಪ್ ಪಡೆದವರಿಗೆ ಮಾತ್ರ ಅವಕಾಶ. ಕೆನಡಾ ಕೂಡ 2025ರ ಜನವರಿಯಿಂದ ವಿದ್ಯಾರ್ಥಿಯ ಸಂಗಾತಿಗೆ ಕೊಡುವ ಕೆಲಸದ ಪರವಾನಗಿಯನ್ನು ಬಿಗಿ ಮಾಡಿ, 16 ತಿಂಗಳು ಅಥವಾ ಹೆಚ್ಚಿನ ಮಾಸ್ಟರ್ಸ್, ಪಿಎಚ್.ಡಿ., ಕೆಲವು ವೃತ್ತಿ ಕೋರ್ಸುಗಳಿಗೆ ಸೀಮಿತ ಮಾಡಿದೆ.

ನಮ್ಮನ್ನು ಕೇಳಿದರೆ, ಇಬ್ಬರಿಗೂ ಓದುವ ಯೋಗ್ಯತೆ, ಅಡ್ಮಿಷನ್ ಇದ್ದರೆ ಇಬ್ಬರೂ ಅವರವರ ಎಫ್-1ರಲ್ಲೇ ಇರುವುದು ಮೇಲು. ಮದುವೆಯಾಯಿತೆಂದು ಎಫ್-1 ಹೋಗುವುದಿಲ್ಲ, ಎಫ್-2 ಆಗಲೇಬೇಕೆಂಬ ನಿಯಮವೂ ಇಲ್ಲ. ಓದಿನ ನಂತರ ಇಬ್ಬರಿಗೂ 12 ತಿಂಗಳ ಕೆಲಸದ ಅವಕಾಶ, ವಿಜ್ಞಾನ ತಂತ್ರಜ್ಞಾನ ಓದಿದ್ದರೆ ಇನ್ನೂ 24 ತಿಂಗಳು. ಎಚ್-1ಬಿ ಲಾಟರಿಯಲ್ಲಿ ಒಂದರ ಬದಲು ಎರಡು ಚೀಟಿ. ಯಾರಿಗಾದರೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಎಚ್-4 ಬೆನ್ನಿಗಿರುತ್ತದೆ. ಖರ್ಚು ಜಾಸ್ತಿ, ಹೌದು, ಎರಡು ಫೀಸು. ಆದರೆ ಒಬ್ಬರ ಕಾಗದ ಹರಿದರೆ ಇಬ್ಬರೂ ಬೀಳುವುದಿಲ್ಲ. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಹಣ ಕಟ್ಟಬೇಕೆಂದು ಘೋಷಿಸಿದರು. ಅಲ್ಲೇ ಓದಿ ಅಲ್ಲಿಂದಲೇ ವೀಸಾ ಬದಲಿಸಿಕೊಳ್ಳುವ ವಿದ್ಯಾರ್ಥಿಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಅಕ್ಟೋಬರಿನಲ್ಲಿ ಅಲ್ಲಿನ ವಲಸೆ ಇಲಾಖೆ ಸ್ಪಷ್ಟ ಮಾಡಿತು. ಅಂದರೆ ದೇಶದೊಳಗೆ ಎಫ್-1ರಲ್ಲಿ ಇರುವುದಕ್ಕೆ ಇನ್ನೊಂದು ಬೆಲೆ ಬಂದಿದೆ. ಇದು ಯಾವಾಗ ಬೇಕಾದರೂ ಬದಲಾಗಬಹುದಾದ್ದರಿಂದ, ಅರ್ಜಿ ಹಾಕುವ ವಾರ ಆಯಾ ಸರ್ಕಾರದ ವೆಬ್‌ಸೈಟಿನಲ್ಲೇ ನೋಡಿ. ಮೂರನೆಯವರ ವಾಟ್ಸ್ಆ್ಯಪ್ ಸಾಲದು.

ಮದುವೆ ಎಲ್ಲಿ? ಇಬ್ಬರೂ ಅಮೆರಿಕದಲ್ಲೇ ಇದ್ದರೆ ಅಲ್ಲಿನ ಕೌಂಟಿ ಆಫೀಸಿನಲ್ಲಿ ಲೈಸೆನ್ಸ್ ತೆಗೆದು ಆಗಬಹುದು. ನಮ್ಮ 1969ರ ವಿದೇಶಿ ವಿವಾಹ ಕಾಯ್ದೆಯಡಿ ಭಾರತೀಯ ಕಾನ್ಸುಲೇಟಿನಲ್ಲೂ ಆಗಬಹುದು, ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು, ಅಲ್ಲೂ 30 ದಿನದ ನೋಟಿಸ್ ಇದೆ. ಊರಿಗೆ ಬಂದೇ ಆಗಬೇಕು ಅನ್ನುವುದಾದರೆ ಮತ್ತೆ ಧನುರ್ಮಾಸಕ್ಕೆ ಬಂದು ನಿಲ್ಲುತ್ತೇವೆ. ಶ್ರಾವಣಕ್ಕೆ ಬಂದರೆ ಆಗಸ್ಟ್ ಕೊನೆಗೆ ಕ್ಲಾಸು ಶುರು, ನಡುವೆ ಚೆನ್ನೈ ಇಂಟರ್‌ವ್ಯೂ ತಾರೀಖು ಸಿಗಬೇಕು. ಈಗೀಗ ಹಳೇ ಬಡಾವಣೆಯ ಕೆಲವು ಮನೆಗಳಲ್ಲಿ ಮೊದಲು ಇಂಟರ್‌ವ್ಯೂ ತಾರೀಖು ಹಿಡಿದು, ಅದಕ್ಕೆ ಹತ್ತು ದಿನ ಹಿಂದಕ್ಕೆ ಎಣಿಸಿ, ಆಮೇಲೆ ಪುರೋಹಿತರಿಗೆ ಫೋನ್ ಮಾಡುತ್ತಾರೆ.